ಮಿಟುಕುವ ವೈಫೈ ದೀಪಕ್ಕೆ ಲಿನಕ್ಸ್‌ನಲ್ಲೇ ಇದೆ ಕಡಿವಾಣ

ಯಾದಗಿರಿ, ಶಹಾಪುರ, ಸುರಪುರದ ಕಡೆ ಬೇಸಿಗೆ ಬಂತೆಂದರೆ ಮಾಳಿಗೆ ಮೇಲೆ ಹಾಸಿಗೆ ಹಾಕುವವರೇ ಹೆಚ್ಚು. ಪಕ್ಕದಲ್ಲಿ ಲ್ಯಾಪ್‌ಟಾಪಿಗೆ ಡೌನ್‌ಲೋಡ್ ಹಚ್ಚಿಟ್ಟು ಮಲಗಿದರೆ ಅದರ ವೈಫೈ ದೀಪ ಕಣ್ಣಿಗೆ ನೇರ ಬಡಿಯುತ್ತದೆ. ಹಾಸ್ಟೆಲ್ ಕೋಣೆಯಲ್ಲಂತೂ ಒಬ್ಬರ ದೀಪ ಉಳಿದವರ ನಿದ್ದೆಯನ್ನೂ ಕೆಡಿಸುತ್ತದೆ. ಉಬುಂಟುವಿನಂಥ ಲಿನಕ್ಸ್ ಹಾಕಿಕೊಂಡ ಹಳೆಯ ಲ್ಯಾಪ್‌ಟಾಪುಗಳಲ್ಲಿ ಈ ಕಾಟ ಹೆಚ್ಚು. ಆದರೆ ದೀಪ ಯಾವಾಗ ಹತ್ತಬೇಕು, ಯಾವಾಗ ಆರಬೇಕು ಎಂದು ಹೇಳುವುದು ಬಹುಪಾಲು ಸಾಫ್ಟ್‌ವೇರ್. ಹಾಗಾಗಿ ಅದನ್ನು ಬದಲಿಸುವುದು ನಮ್ಮ ಕೈಯಲ್ಲೇ ಇದೆ.

ಕನ್ನಡಿಗರಿಗೆ ಉಬುಂಟು ಹೊಸದೇನಲ್ಲ. ನಮ್ಮ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ನಡೆದ ‘ವಿಷಯ ಶಿಕ್ಷಕರ ವೇದಿಕೆ’ ತರಬೇತಿಗಳಲ್ಲಿ ಅದನ್ನೇ ಕಲಿಸಲಾಗಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕೇರಳ ಶಾಲೆಗಳ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ.

ದೀಪ ಮಿಟುಕುವುದೇಕೆ?

ಲಿನಕ್ಸ್ ಕರ್ನಲ್ ಪ್ರತಿ ದೀಪಕ್ಕೂ ಒಂದು ‘ಟ್ರಿಗರ್’ ಜೋಡಿಸುತ್ತದೆ. ಯಾವ ಘಟನೆಗೆ ದೀಪ ಸ್ಪಂದಿಸಬೇಕು ಎನ್ನುವ ಸೂಚನೆ ಅದು. ವೈಫೈ ರೇಡಿಯೊ ಚಾಲೂ ಇದ್ದಷ್ಟು ಹೊತ್ತು ಒಂದೇ ಸಮ ಉರಿಯುವ ಟ್ರಿಗರ್ ಒಂದು; ದತ್ತಾಂಶ ಹರಿದಂತೆಲ್ಲ ಮಿಟುಕುವುದು ಇನ್ನೊಂದು. ಇಂಟೆಲ್‌ನ ಹಳೆಯ ಸೆಂಟ್ರಿನೊ ವೈಫೈ ಕಾರ್ಡುಗಳ ಡ್ರೈವರಿನಲ್ಲಿ ಮಿಟುಕುವುದಕ್ಕೊಂದು ಕೋಷ್ಟಕವೇ ಇದೆ. ಸ್ವಲ್ಪವೇ ದತ್ತಾಂಶ ಹರಿಯುತ್ತಿದ್ದರೆ ಒಂದು ಮಿಟುಕಿಗೆ 334 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ ಸುಮಾರು 3 ಸಲ. ವೇಗ 300 ಮೆಗಾಬಿಟ್ ದಾಟಿದರೆ 50 ಮಿಲಿಸೆಕೆಂಡ್, ಸೆಕೆಂಡಿಗೆ 20 ಸಲ. ಹೀಗಾಗಿ ಮಿಟುಕುವುದು ದೋಷವಲ್ಲ, ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯಬೇಕಿಲ್ಲ. ಇಂಟೆಲ್‌ನ ನಂತರದ ಕಾರ್ಡುಗಳ ಡ್ರೈವರಿನಲ್ಲಿ ಮಿಟುಕುವ ವಿಧಾನವನ್ನೇ ಕೈಬಿಡಲಾಗಿದೆ.

ಮೊದಲು ಡ್ರೈವರ್ ಗುರುತಿಸಿ

ಮುಂದಿನ ಆದೇಶಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು. ‘ಎಲ್‌ಎಸ್‌ಪಿಸಿಐ’ ಬರೆದು, ಒಂದು ಸ್ಪೇಸ್ ಬಿಟ್ಟು, ಹೈಫನ್ ಮತ್ತು ‘ಕೆ’ ಸೇರಿಸಿ ಎಂಟರ್ ಒತ್ತಿ. ನೆಟ್‌ವರ್ಕ್ ಕಾರ್ಡಿನ ಕೆಳಗೆ, ಬಳಕೆಯಲ್ಲಿರುವ ಡ್ರೈವರಿನ ಹೆಸರು ಕಾಣುತ್ತದೆ. ಇಂಟೆಲ್ ಆದರೆ ‘ಐಡಬ್ಲ್ಯುಎಲ್‌ವೈಫೈ’, ಹಳೆಯ ಅಥೆರೋಸ್ ಆದರೆ ಸಾಮಾನ್ಯವಾಗಿ ‘ಎಟಿಎಚ್9ಕೆ’.

ತಾತ್ಕಾಲಿಕವಾಗಿ ಪರೀಕ್ಷಿಸಿ

ಲಿನಕ್ಸ್‌ನ ಮೂಲ ಫೋಲ್ಡರಿನಲ್ಲಿ ‘ಸಿಸ್’ (ಎಸ್, ವೈ, ಎಸ್) ಎಂಬ ಫೋಲ್ಡರ್ ಕಾಣುತ್ತದೆ; ಅದು ಹಾರ್ಡ್‌ಡಿಸ್ಕಿನಲ್ಲಿಲ್ಲ, ಕರ್ನಲ್ಲೇ ತೋರಿಸುವಂಥದ್ದು. ಅದರೊಳಗೆ ‘ಕ್ಲಾಸ್’, ಅದರೊಳಗೆ ‘ಲೆಡ್ಸ್’. ಅಲ್ಲಿ ಯಂತ್ರದ ದೀಪಗಳ ಪಟ್ಟಿ ಸಿಗುತ್ತದೆ. ಇಂಟೆಲ್‌ನ ವೈಫೈ ದೀಪ ‘ಫೈ0-ಲೆಡ್’ (ಪಿ, ಎಚ್, ವೈ, ಸೊನ್ನೆ) ಎಂದು, ಅಥೆರೋಸ್‌ನದು ‘ಎಟಿಎಚ್9ಕೆ-ಫೈ0’ ಎಂದು ಇರುತ್ತದೆ. ಅದರೊಳಗಿನ ‘ಟ್ರಿಗರ್’ ಕಡತವನ್ನು ‘ಕ್ಯಾಟ್’ ಆದೇಶದಿಂದ ಓದಿದರೆ ಲಭ್ಯ ಟ್ರಿಗರುಗಳೆಲ್ಲ ಕಾಣುತ್ತವೆ. ಈಗ ಜಾರಿಯಲ್ಲಿರುವುದು ಚೌಕ ಆವರಣದೊಳಗೆ ಇರುತ್ತದೆ.

‘ಸುಡೊ’ ಬರೆದು, ಸ್ಪೇಸ್, ಹೈಫನ್, ‘ಐ’ ಒತ್ತಿ ಆಡಳಿತಗಾರರಾಗಿ. ಆ ದೀಪದ ಫೋಲ್ಡರಿಗೆ ಹೋಗಿ, ‘ಎಕೋ’ ಆದೇಶದ ಮುಂದೆ ‘ಫೈ0ರೇಡಿಯೊ’ ಎಂದು ಬರೆದು, ದೊಡ್ಡದು ಎನ್ನುವ ಬಾಣದ ಗುರುತು ಹಾಕಿ ‘ಟ್ರಿಗರ್’ ಕಡತಕ್ಕೆ ಕಳಿಸಿ. ದೀಪ ಒಂದೇ ಸಮ ಉರಿಯುತ್ತದೆ. ಅದರ ಬದಲು ‘ನನ್’ (ಎನ್, ಓ, ಎನ್, ಇ) ಕಳಿಸಿದರೆ ಆರಿಹೋಗುತ್ತದೆ. ಇದೆಲ್ಲ ಯಂತ್ರ ಬಂದ್ ಮಾಡುವವರೆಗೆ ಮಾತ್ರ. ಆದ್ದರಿಂದ ತಪ್ಪಾದರೂ ಹೆದರಬೇಕಿಲ್ಲ, ರೀಸ್ಟಾರ್ಟ್ ಮಾಡಿದರೆ ಹಳೆಯ ಸ್ಥಿತಿಗೆ ಬರುತ್ತದೆ. ಡ್ರೈವರ್ ಮತ್ತೆ ಲೋಡ್ ಆದಾಗ ‘ಫೈ0’ ಹೋಗಿ ‘ಫೈ1’ ಆಗಬಹುದು, ಹೆಸರು ನೋಡಿಕೊಂಡೇ ಬರೆಯಿರಿ.

ಖಾಯಂ ಮಾಡಿ

ಪರೀಕ್ಷೆ ಫಲಿಸಿದ ಮೇಲೆ ಡ್ರೈವರಿಗೇ ನೇರ ಸೂಚನೆ ಕೊಡಿ. ‘ಇಟಿಸಿ’ ಫೋಲ್ಡರಿನೊಳಗಿನ ‘ಮಾಡ್‌ಪ್ರೋಬ್.ಡಿ’ಯಲ್ಲಿ ‘ವೈಫೈ-ಲೆಡ್.ಕಾನ್ಫ್’ ಎಂಬ ಹೊಸ ಕಡತ ತೆರೆಯಿರಿ. ಇಂಟೆಲ್ ಇದ್ದವರು ಅದರಲ್ಲಿ ಒಂದೇ ಸಾಲು ಬರೆಯಬೇಕು: ‘ಆಪ್ಷನ್ಸ್ ಐಡಬ್ಲ್ಯುಎಲ್‌ವೈಫೈ ಲೆಡ್_ಮೋಡ್=1’. ಲೆಡ್ ಮತ್ತು ಮೋಡ್ ನಡುವೆ ಅಂಡರ್‌ಸ್ಕೋರ್ ಇರಲಿ. ಇಲ್ಲಿ 0 ಎಂದರೆ ಮೊದಲಿನಂತೆ, 1 ಎಂದರೆ ರೇಡಿಯೊ ಚಾಲೂ ಇದ್ದಾಗ ಉರಿ, ಬಂದ್ ಆದಾಗ ಆರು. 2 ಮಿಟುಕಲು (ಹಳೆಯ ಕಾರ್ಡುಗಳಲ್ಲಿ ಮಾತ್ರ), 3 ಪೂರ್ತಿ ಆರಿಸಲು. ಅಥೆರೋಸ್ ಇದ್ದವರು ‘ಆಪ್ಷನ್ಸ್ ಎಟಿಎಚ್9ಕೆ ಬ್ಲಿಂಕ್=0’ ಎಂದು ಬರೆಯಬೇಕು. ಉಳಿಸಿ, ಯಂತ್ರ ರೀಸ್ಟಾರ್ಟ್ ಮಾಡಿ.

ದೀಪ ಮಾತು ಕೇಳದಿದ್ದರೆ

ಕೆಲವು ಲ್ಯಾಪ್‌ಟಾಪುಗಳಲ್ಲಿ ವೈಫೈ ದೀಪ ಮದರ್‌ಬೋರ್ಡಿನ ಬೇರೊಂದು ನಿಯಂತ್ರಕ ಚಿಪ್ಪಿಗೆ ಜೋಡಣೆಯಾಗಿರುತ್ತದೆ. ಆಗ ‘ಲೆಡ್ಸ್’ ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ, ಇಲ್ಲವೇ ಹೆಸರಿದ್ದರೂ ಆದೇಶ ನಾಟುವುದಿಲ್ಲ. ಅಂಥ ಯಂತ್ರಕ್ಕೆ ಕಪ್ಪು ಟೇಪಿನ ಸಣ್ಣ ತುಂಡೇ ಗತಿ. ಬ್ಯಾಟರಿ ಉಳಿಸಲೆಂದು ಇಷ್ಟೆಲ್ಲ ಮಾಡುವುದಾದರೆ ಬೇಡ. ಇಷ್ಟು ಸಣ್ಣ ದೀಪ ತಿನ್ನುವ ವಿದ್ಯುತ್ ಲೆಕ್ಕಕ್ಕಿಲ್ಲದಷ್ಟು.

ಇಂಟೆಲ್ ಇದ್ದವರಲ್ಲಿ, ನಿದ್ದೆ ಕೆಡಬಾರದು ಎನ್ನುವವರಿಗೆ ಲೆಡ್_ಮೋಡ್ 3 ಸರಿ. ಉಳಿದವರಿಗೆ 1 ಲೇಸು. ನೆಟ್ ಬರುತ್ತಿಲ್ಲ ಎಂದು ತಡಕಾಡುವಾಗ, ರೇಡಿಯೊ ಚಾಲೂ ಇದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲೇ ತಿಳಿಯುತ್ತದೆ. ಮೊದಲಿನಂತೆಯೇ ಬೇಕೆನಿಸಿದರೆ, ಹೊಸದಾಗಿ ಮಾಡಿದ ಆ ಒಂದು ಕಡತ ಅಳಿಸಿ ರೀಸ್ಟಾರ್ಟ್ ಮಾಡಿದರೆ ಸಾಕು.