ಟಿಕೆಟ್ಟಿನ ಹಿಂದೆ ಹೊರಡುವ ಜಾತ್ರೆ

2020ರ ಮಾರ್ಚ್ 11ರ ರಾತ್ರಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಆ್ಯನ್‌ಫೀಲ್ಡ್ ಮೈದಾನದಲ್ಲಿ ಸುಮಾರು 52 ಸಾವಿರ ಜನ ಫುಟ್‌ಬಾಲ್ ನೋಡಿದರು. ಅವರಲ್ಲಿ 3 ಸಾವಿರದಷ್ಟು ಮಂದಿ ಮ್ಯಾಡ್ರಿಡ್‌ನಿಂದ ಬಂದಿದ್ದ ಅಟ್ಲೆಟಿಕೊ ತಂಡದ ಅಭಿಮಾನಿಗಳು. ಅವರ ಊರಿನಲ್ಲಿ ಅಷ್ಟು ಹೊತ್ತಿಗೆ ಶಾಲೆಗಳು ಬಾಗಿಲು ಹಾಕಿದ್ದವು, ಸ್ಪೇನಿನ ಲೀಗ್ ಪಂದ್ಯಗಳಿಗೆ ಪ್ರೇಕ್ಷಕರ ಪ್ರವೇಶ ನಿಂತಿತ್ತು. ಸ್ವಂತ ಊರಲ್ಲಿ ಗ್ಯಾಲರಿ ಹತ್ತುವಂತಿಲ್ಲದವರು ವಿಮಾನ ಹತ್ತಿ ಪರದೇಶದ ಗ್ಯಾಲರಿಯಲ್ಲಿ ಕೂರಬಹುದಿತ್ತು! ಕೋವಿಡ್ ಜಾಗತಿಕ ಪಿಡುಗು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೂ ಅದೇ ದಿನ. ಅದೇ ವಾರ ಚೆಲ್ಟನ್‌ಹ್ಯಾಮ್‌ನಲ್ಲಿ ನಾಲ್ಕು ದಿನಗಳ ಕುದುರೆ ರೇಸು ನಡೆದು, ದಿನದಿನದ ಲೆಕ್ಕ ಕೂಡಿಸಿದರೆ ಎರಡೂವರೆ ಲಕ್ಷ ಜನ ಸೇರಿದ್ದರು. ಇದನ್ನೆಲ್ಲ ಬಿಟ್ಟದ್ದು ಸರಿಯೇ ಎಂಬ ಜಗಳ ಬ್ರಿಟನ್ನಿನಲ್ಲಿ ಬಹುಕಾಲ ನಡೆಯಿತು.

ಸರ್ಕಾರ ಸುಮ್ಮನೆ ಉಡಾಫೆ ಮಾಡಿತು ಅನ್ನುವುದು ಅನ್ಯಾಯವಾದೀತು. ಅದರ ವಿಜ್ಞಾನ ಸಲಹೆಗಾರರ ವಾದಕ್ಕೆ ತಳಹದಿ ಇತ್ತು: ಮೈದಾನ ಬಯಲು, ಅಲ್ಲಿ ಕೂತವನ ಉಸಿರು ತಾಗುವುದು ಅಕ್ಕಪಕ್ಕದ ಕೆಲವರಿಗೆ ಮಾತ್ರ, ಗೇಟು ಮುಚ್ಚಿದರೆ ಅದೇ ಜನ ಇಕ್ಕಟ್ಟಾದ ಪಬ್ಬಿನಲ್ಲಿ ಟೀವಿ ಮುಂದೆ ಗುಂಪುಗೂಡುತ್ತಾರೆ, ಅದು ಇನ್ನೂ ಅಪಾಯ. ಬಯಲಿಗಿಂತ ಮುಚ್ಚಿದ ಕೋಣೆಯಲ್ಲಿ ಈ ಸೋಂಕು ಹೆಚ್ಚು ಹರಡುತ್ತದೆ ಎಂಬುದು ಮುಂದೆ ಗಟ್ಟಿಯೂ ಆಯಿತು. ಆದರೆ ಈ ಲೆಕ್ಕ ಎಣಿಸಿದ್ದು ಕುರ್ಚಿಯಲ್ಲಿ ಕೂತ ತೊಂಬತ್ತು ನಿಮಿಷವನ್ನು. ದೊಡ್ಡ ಪಂದ್ಯವೆಂದರೆ ನಮ್ಮೂರ ಜಾತ್ರೆಯ ಹಾಗೆ, ತೇರು ಎಳೆಯುವ ಗಳಿಗೆಗಿಂತ ಹೋಗಿಬರುವ ಸಂಭ್ರಮವೇ ದೊಡ್ಡದು. ವಿಮಾನ, ರೈಲು, ಹೋಟೆಲು, ಆಟಕ್ಕೆ ಮುಂಚೆ ಒಂದು ಪಬ್ಬು, ಗೆದ್ದರೆ ಇನ್ನೊಂದು. ಪಬ್ಬು ಅಪಾಯವೆಂದ ವಾದಕ್ಕೆ, ಆ್ಯನ್‌ಫೀಲ್ಡ್‌ನ ಟಿಕೆಟ್ಟೇ ಸಾವಿರಾರು ಜನರನ್ನು ಲಿವರ್‌ಪೂಲ್‌ನ ಪಬ್ಬುಗಳಿಗೆ ಕರೆತಂದಿತೆಂಬುದು ಕಾಣಲಿಲ್ಲ.

ಇದು ಬರೀ ಊಹೆಯಲ್ಲ. 2021ರ ಜೂನ್‌ನಲ್ಲಿ ಯೂರೋ ಪಂದ್ಯಾವಳಿ ನಡೆದಾಗ ಸ್ಕಾಟ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಹೊರಡಿಸಿತು. ಸೋಂಕು ಹರಡಬಲ್ಲ ದಿನಗಳಲ್ಲೇ ಪಂದ್ಯಾವಳಿಯ ಯಾವುದಾದರೊಂದು ಕೂಟಕ್ಕೆ ಹೋಗಿದ್ದವರು 1,991 ಜನ. ಅವರಲ್ಲಿ 1,294 ಮಂದಿ ಲಂಡನ್ನಿಗೆ ಪ್ರಯಾಣ ಮಾಡಿದ್ದರು. ಅಲ್ಲಿ ಪಂದ್ಯ ನಡೆದ ವೆಂಬ್ಲಿ ಮೈದಾನದ ಒಳಗಿದ್ದವರು 397 ಮಾತ್ರ. ಯಾರಿಗೆ ಎಲ್ಲಿ ಸೋಂಕು ತಗಲಿತು ಎಂದು ಈ ಅಂಕಿ ಹೇಳುವುದಿಲ್ಲ, ಅದನ್ನು ಒಪ್ಪಲೇಬೇಕು. ಆದರೂ ಒಂದು ಪಂದ್ಯ ಎಷ್ಟು ಜನರನ್ನು ಮನೆಯಿಂದ ಎಬ್ಬಿಸುತ್ತದೆ, ಅವರಲ್ಲಿ ಎಷ್ಟು ಕಡಿಮೆ ಜನ ಗೇಟು ದಾಟುತ್ತಾರೆ ಎಂಬುದು ಇದರಿಂದ ಕಾಣುತ್ತದೆ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಆ್ಯನ್‌ಫೀಲ್ಡ್ ಪಂದ್ಯದ ರಾತ್ರಿಯೇ ಪ್ಯಾರಿಸ್‌ನಲ್ಲಿ ಪಿಎಸ್‌ಜಿ ಮತ್ತು ಡಾರ್ಟ್‌ಮಂಡ್ ತಂಡಗಳು ಖಾಲಿ ಮೈದಾನದಲ್ಲಿ ಆಡಿದವು, ಹೊರಗೆ ಬೀದಿಯಲ್ಲಿ ಸಾವಿರಾರು ಅಭಿಮಾನಿಗಳು ಪಟಾಕಿ ಹಚ್ಚಿ ಕುಣಿದರು. ಹಾಗಾದರೆ ಗೇಟು ಮುಚ್ಚಿ ಏನು ಫಲ? ಗೇಟನ್ನಷ್ಟೇ ಮುಚ್ಚಿದರೆ ಸಾಲದು ಎಂಬುದಕ್ಕೆ ಇದು ಸಾಕ್ಷಿ, ಗೇಟು ತೆರೆದಿಡಬೇಕು ಎಂಬುದಕ್ಕಲ್ಲ. ಬೀದಿಗೆ ಬಂದವರು ಬಹುಪಾಲು ಆ ಊರಿನವರೇ. ಟಿಕೆಟ್ ಇಲ್ಲದ ಪಂದ್ಯಕ್ಕೆ ಗಡಿ ದಾಟಿ ಸಾವಿರಾರು ಜನ ಹೊರಡುವುದು ಅಪರೂಪ. ಊರಿನಿಂದೂರಿಗೆ ರೋಗ ಸಾಗಿಸುವ ಆ ಹೆಚ್ಚುವರಿ ಪ್ರಯಾಣ ತಪ್ಪಿದರೆ ಅದೇನು ಸಣ್ಣ ಲಾಭವಲ್ಲ.

ಆ್ಯನ್‌ಫೀಲ್ಡ್ ಪಂದ್ಯದಿಂದ 41 ಹೆಚ್ಚುವರಿ ಸಾವು ಸಂಭವಿಸಿರಬಹುದೆಂದು ಎಡ್ಜ್ ಹೆಲ್ತ್ ಸಂಸ್ಥೆ ಅಂದಾಜು ಮಾಡಿತ್ತು. ನಿಷೇಧದ ಪರ ಇರುವವರು ಈ ಅಂಕಿಯನ್ನೇ ಹಿಡಿದು ಜಗ್ಗುತ್ತಾರೆ. ಅದು ಆಸ್ಪತ್ರೆಗಳ ಸಾವಿನ ಹೋಲಿಕೆಯಿಂದ ತೆಗೆದ ಅಂದಾಜು, ಅದರ ಮೇಲೆ ಇಡೀ ವಾದ ನಿಲ್ಲಿಸಿದರೆ ಬುಡ ಅಲ್ಲಾಡುತ್ತದೆ. ಇಟಲಿಯ ಉದಾಹರಣೆಯನ್ನೂ ಹದವರಿತು ಬಳಸಬೇಕು. 2020ರ ಫೆಬ್ರವರಿ 19ರಂದು ಬೆರ್ಗಾಮೊದಿಂದ 40 ಸಾವಿರದಷ್ಟು ಜನ ತಮ್ಮ ಅಟಲಾಂಟ ತಂಡದ ಪಂದ್ಯಕ್ಕೆಂದು ಮಿಲಾನ್‌ಗೆ ಹೋದಾಗ, ಆ ಪ್ರಾಂತ್ಯದಲ್ಲಿ ಸೋಂಕು ಹಬ್ಬುತ್ತಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಅದೇ ಭಾಗದ ಕೊಡೋನ್ಯೊ ಊರಿನ ಮೊದಲ ಪ್ರಕರಣ ಬೆಳಕಿಗೆ ಬಂದದ್ದು ಮರುರಾತ್ರಿ. ಲಿವರ್‌ಪೂಲ್‌ಗೆ ಅದಾದ ಮೇಲೆ ಮೂರು ವಾರ ಸಿಕ್ಕಿತ್ತು. ಕಳೆದುಕೊಂಡದ್ದು ಆ ಮೂರು ವಾರದ ಅರಿವು.

ಮೈದಾನದ ಅಪಾಯವನ್ನು ಅಳೆಯದೆಯೇ ನಿರ್ಧಾರಕ್ಕೆ ಬರುವ ದಾರಿಯೂ ಇತ್ತು. ಮಾರ್ಚ್ 12ರಂದು ಸ್ಕಾಟ್ಲೆಂಡಿನ ಅಂದಿನ ಸರ್ಕಾರದ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ 500ಕ್ಕಿಂತ ಹೆಚ್ಚು ಜನ ಸೇರುವ ಕೂಟಗಳು ಬೇಡವೆಂದರು. ಕೊಟ್ಟ ಮುಖ್ಯ ಕಾರಣ, ಇಂಥ ಕೂಟಗಳಿಗೆ ಬೇಕಾಗುವ ಪೊಲೀಸರು ಮತ್ತು ಆಂಬ್ಯುಲೆನ್ಸುಗಳನ್ನು ಸೋಂಕಿನ ಕೆಲಸಕ್ಕೆ ಬಿಡುಗಡೆ ಮಾಡಬೇಕು ಎಂಬುದು. ವೈರಾಣು ಎಲ್ಲಿ ಎಷ್ಟು ಹರಡೀತು ಎಂಬ ವಾದ ಮುಗಿಯುವ ತನಕ ಈ ಕಾರಣ ಕಾಯಬೇಕಿರಲಿಲ್ಲ.

ಉಳಿದದ್ದು ಹೊಟ್ಟೆಪಾಡಿನ ಪ್ರಶ್ನೆ, ಅದಕ್ಕೆ ಸುಲಭದ ಉತ್ತರವಿಲ್ಲ. ಟೀವಿ ಹಣವಿದ್ದ ಪ್ರೀಮಿಯರ್ ಲೀಗ್ ಖಾಲಿ ಗ್ಯಾಲರಿಯಲ್ಲೇ ಋತುವನ್ನು ಮುಗಿಸಿತು. ಗೇಟಿನ ಕಾಸಿನಲ್ಲೇ ಬದುಕುವ ಮೂರನೇ ಮತ್ತು ನಾಲ್ಕನೇ ಹಂತದ ಡಿವಿಷನ್‌ಗಳು ಆ ಋತುವನ್ನು ಅರ್ಧಕ್ಕೇ ನಿಲ್ಲಿಸಿದವು. ಪ್ರೇಕ್ಷಕರನ್ನು ತಡೆಯುವ ಆದೇಶದ ಜೊತೆಯಲ್ಲೇ ಇಂಥ ಕ್ಲಬ್ಬುಗಳ ನಷ್ಟಕ್ಕೆ ಯಾರು ಹೊಣೆ ಎಂಬುದೂ ಬರೆದಿರಬೇಕು. ಇಲ್ಲದಿದ್ದರೆ ಮುಂದಿನ ಸಲ ಗೇಟು ತೆರೆದಿಡಿ ಎಂದು ಹಟ ಹಿಡಿಯುವವರಲ್ಲಿ ಅವರೇ ಮೊದಲಿಗರಾಗುತ್ತಾರೆ.