ನಾಲ್ಕು ಮೇಜು, ನಾಲ್ಕು ನ್ಯಾಯ

ದೆಹಲಿ ಕಂಟೋನ್ಮೆಂಟಿನಲ್ಲಿ ಸೇನಾಧಿಕಾರಿಗಳ ಮನೆಯ ಹೆಣ್ಣುಮಕ್ಕಳಿಗೆ ಮಾಜಾಂಗ್ ದಶಕಗಳಿಂದ ಗೊತ್ತಿರುವ ಆಟ. ಗಂಡನಿಗೆ ವರ್ಗವಾದಾಗ ಬಿಲ್ಲೆಗಳ ಪೆಟ್ಟಿಗೆಯೂ ಸಾಮಾನಿನ ಜೊತೆ ಹೊರಡುತ್ತದೆ. ಕೊಡಗಿನವರು, ಪಂಜಾಬಿನವರು ಎದುರುಬದುರು ಕೂತರೆ ಮೊದಲು ಕೇಳುವ ಮಾತು, ‘ನಿಮ್ಮಲ್ಲಿ ಹೇಗೆ ಆಡ್ತೀರಿ?’

ಕೇಳಲೇಬೇಕಾದ ಪ್ರಶ್ನೆ ಅದು. ಆಟದ ಮೂಲ ಎಲ್ಲೆಡೆ ಒಂದೇ: ರಮ್ಮಿಯಂತೆ ಎತ್ತು, ಬಿಡು, ಜೋಡಿಸು. ಬಿದಿರು, ಚಕ್ರ, ಅಕ್ಷರ ಎಂಬ ಮೂರು ಬಳಗ, ಜೊತೆಗೆ ಗಾಳಿ, ಡ್ರ್ಯಾಗನ್, ಹೂವು, ಋತು. ಪೂರ್ತಿ ಸೆಟ್ಟಿನಲ್ಲಿ 144 ಬಿಲ್ಲೆ. ಬೇರೆಯಾಗುವುದು ನಿಯಮ ಮತ್ತು ಬಿಲ್ಲೆಗಳ ಲೆಕ್ಕ.

ನಿಮ್ಮ ಕೈಯಲ್ಲಿ ಬಿದಿರಿನ ಎರಡು, ಮೂರು ಇವೆ ಎನ್ನಿ. ಎಡಗಡೆಯವರು ನಾಲ್ಕನ್ನು ಬಿಟ್ಟರು. ಹಾಂಗ್‌ಕಾಂಗ್ ಪದ್ಧತಿಯಲ್ಲಿ ಸಾಲಾಗಿ ಮೂರು ಜೋಡಿಸಲು ‘ಚೌ’ ಎಂದು ಎತ್ತಿಕೊಳ್ಳಬಹುದು. ಜಪಾನಿನ ರೀಚಿಯಲ್ಲೂ ಎತ್ತಬಹುದು, ಆದರೆ ಕೈ ತೆರೆದುಬಿಟ್ಟ ಮೇಲೆ ‘ರೀಚಿ’, ಅಂದರೆ ಗೆಲುವಿಗೆ ಒಂದೇ ಬಿಲ್ಲೆ ಬಾಕಿ ಎಂದು ಘೋಷಿಸುವ ಹಕ್ಕು ಹೋಯಿತು. ಅಲ್ಲಿ ಹೂವಿನ ಬಿಲ್ಲೆಯೂ ಇಲ್ಲ, 136ರಲ್ಲೇ ಆಟ. ಸಿಚುವಾನಿನಲ್ಲಿ ಬಿಟ್ಟ ಬಿಲ್ಲೆಯಿಂದ ಚೌ ಮಾಡುವಂತೆಯೇ ಇಲ್ಲ. ಬರೀ 108 ಬಿಲ್ಲೆ, ಒಂದು ಬಳಗವನ್ನು ಪೂರ್ತಿ ಕೈಬಿಡಬೇಕು, ಒಬ್ಬರು ಗೆದ್ದರೂ ಉಳಿದವರ ಆಟ ನಿಲ್ಲದು. ಅಮೆರಿಕದಲ್ಲಿ ಚೌ ಇಲ್ಲವೇ ಇಲ್ಲ. ಎಂಟು ಜೋಕರ್ ಸೇರಿ ಬಿಲ್ಲೆ 152. 1937ರಲ್ಲಿ ಹುಟ್ಟಿದ ನ್ಯಾಷನಲ್ ಮಾಜಾಂಗ್ ಲೀಗ್ ಗೆಲ್ಲುವ ಕೈಗಳ ಪಟ್ಟಿಯನ್ನು ವರ್ಷವರ್ಷವೂ ಬದಲಿಸುತ್ತದೆ.

ಇವುಗಳಲ್ಲಿ ಯಾವುದು ಅಸಲಿ ಎಂಬ ಜಗಳ ವ್ಯರ್ಥ. ಒಂದೊಂದು ಪದ್ಧತಿ ಒಂದೊಂದು ಗುಣಕ್ಕೆ ಬೆಲೆ ಕೊಡುತ್ತದೆ: ಹಾಂಗ್‌ಕಾಂಗ್ ಚುರುಕಿಗೆ, ಜಪಾನ್ ಗುಟ್ಟು ಕಾಯುವ ಸಂಯಮಕ್ಕೆ, ಸಿಚುವಾನ್ ಕೊನೆತನಕದ ಛಲಕ್ಕೆ, ಅಮೆರಿಕ ಪಟ್ಟಿ ನೋಡಿ ಲೆಕ್ಕ ಹಾಕುವ ಜಾಣ್ಮೆಗೆ. ಚೀನಾ 1998ರಲ್ಲಿ 81 ಬಗೆಯ ಅಂಕಗಳ ಅಧಿಕೃತ ನಿಯಮಾವಳಿ ರೂಪಿಸಿತು. ಸ್ಪರ್ಧೆಗೆ ಅದು ಬೇಕು. ಆದರೂ ಮನೆಗಳಲ್ಲಿ ಊರಿನ ಪದ್ಧತಿಯೇ ಉಳಿದಿದೆ.

ದೆಹಲಿಯ ಮೇಜುಗಳಿಗೂ ತಮ್ಮ ಪದ್ಧತಿ ಉಳಿಸಿಕೊಳ್ಳುವ ಹಕ್ಕಿದೆ. ಗುರುಗ್ರಾಮದಲ್ಲಿ ಮೊಬೈಲಿನಿಂದ ರೀಚಿ ಕಲಿತ ಹೊಸಬರು ಹಿರಿಯರ ಆಟವನ್ನು ತಪ್ಪೆನ್ನುವುದು ಬೇಡ. ಅಮೆರಿಕದ ಒಹಾಯೋದ ರೈಟ್-ಪ್ಯಾಟರ್ಸನ್ ವಾಯುನೆಲೆಯ ಅಧಿಕಾರಿಗಳ ಪತ್ನಿಯರು ತಮ್ಮ ನಿಯಮಗಳನ್ನು ಪುಸ್ತಕ ಮಾಡಿದರು; ಆ ನೆಲೆಯ ಹೆಸರೇ ಇಂದು ಒಂದು ಪದ್ಧತಿಯ ಹೆಸರಾಗಿದೆ. ಬಾಯಿಂದ ಬಾಯಿಗೆ ಬಂದ ನಮ್ಮ ಸೇನಾ ಮನೆಗಳ ನಿಯಮಗಳನ್ನೂ, ಆಡಿದ ಹಿರಿಯರು ಇರುವಾಗಲೇ ಬರೆದಿಟ್ಟುಕೊಳ್ಳಬೇಕು.