ಉತ್ತರಕ್ಕಿಂತ ಮೊದಲು ಡೊಮೇನ್ ನೋಡಿ

ಸಾದಾ ಕ್ಯಾಲ್ಕುಲೇಟರ್‌ನಲ್ಲಿ ಮೈನಸ್ 4ರ ವರ್ಗಮೂಲ ತೆಗೆಯಲು ಹೋದರೆ ‘ಎರರ್’ ಎಂದು ಬರುತ್ತದೆ. ಯಂತ್ರ ಕೆಟ್ಟಿಲ್ಲ. ನಾವು ಕೊಟ್ಟ ಸಂಖ್ಯೆ ಆ ಫಂಕ್ಷನ್‌ನ ಡೊಮೇನ್‌ನಲ್ಲಿ ಇಲ್ಲ, ಅಷ್ಟೆ. ಒಂದು ಫಂಕ್ಷನ್‌ಗೆ ಯಾವ ಯಾವ ಬೆಲೆಗಳನ್ನು ಕೊಡಬಹುದೋ ಅವುಗಳ ಗಣವೇ ಡೊಮೇನ್.

ಈ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಬಾದಾಮಿ ಹತ್ತಿರದ ಪಟ್ಟದಕಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ಜೈನ ಗುಡಿಯಿದೆ. ಅದೇ ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ‘ಗಣಿತಸಾರ ಸಂಗ್ರಹ’ ಬರೆದರು. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಆ ಮಾತು ಇಂದಿಗೂ ಸರಿ. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದೂ ಅವರು ಬರೆದರು. ಅದನ್ನು ಇಂದಿನ ಗಣಿತ ಒಪ್ಪುವುದಿಲ್ಲ. ಅಂಥ ಪಂಡಿತರಿಗೇ ಕಷ್ಟವಾದ ಜಾಗವಿದು.

ಪರೀಕ್ಷೆಯಲ್ಲಿ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕಷ್ಟು ಕೆಲಸ ಮುಗಿಯುತ್ತದೆ. ಛೇದ ಸೊನ್ನೆಯಾಗುತ್ತದೆಯೇ? ವರ್ಗಮೂಲದೊಳಗೆ ಋಣ ಸಂಖ್ಯೆ ಬರುತ್ತದೆಯೇ? ಲಾಗ್‌ನೊಳಗೆ ಸೊನ್ನೆಯೋ ಋಣವೋ ಇದೆಯೇ? ಉದಾಹರಣೆಗೆ, ಆಧಾರ 10 ಇರುವಾಗ ಲಾಗ್ ಎಕ್ಸ್ + ಲಾಗ್ (ಎಕ್ಸ್ − 3) = 1 ಎಂಬ ಸಮೀಕರಣ ಬಿಡಿಸಿದರೆ 5 ಮತ್ತು −2 ಸಿಗುತ್ತವೆ. −2 ಡೊಮೇನ್‌ನಲ್ಲಿಲ್ಲ, ಉತ್ತರ 5 ಮಾತ್ರ. ಸ್ಪರ್ಧಾತ್ಮಕ ಪರೀಕ್ಷೆಯ ಆಯ್ಕೆಗಳಲ್ಲಿ ‘5 ಮತ್ತು −2’ ಎಂಬುದೂ ಇದ್ದರೆ, ಅವಸರದವರು ಅದಕ್ಕೇ ಗುರುತು ಹಾಕಿ ಬರುತ್ತಾರೆ.

ಕೆಲವೊಮ್ಮೆ ಡೊಮೇನ್ ಸೂತ್ರದಲ್ಲಿ ಕಾಣುವುದೇ ಇಲ್ಲ. ಇಳಕಲ್‌ನ ಅಂಗಡಿಯೊಂದರಲ್ಲಿ ಸೀರೆಗೆ 1,500 ರೂಪಾಯಿ ಎಂದುಕೊಳ್ಳೋಣ. ಸಂಖ್ಯೆಯನ್ನು 1,500ರಿಂದ ಗುಣಿಸುವುದೇ ಸೂತ್ರ. ಎರಡೂವರೆ ಕೊಟ್ಟರೆ ಅದು 3,750 ಎನ್ನುತ್ತದೆ. ಆದರೆ ಎರಡೂವರೆ ಸೀರೆ ಯಾರು ಕೊಡುತ್ತಾರೆ? ಅಂಗಡಿಯಲ್ಲಿ 40 ಸೀರೆ ಇದ್ದರೆ 0ಯಿಂದ 40ರವರೆಗಿನ ಪೂರ್ಣ ಸಂಖ್ಯೆಗಳಷ್ಟೇ ಡೊಮೇನ್. ಇದನ್ನು ತಿಳಿಸುವುದು ಅಂಗಡಿಯ ಲೆಕ್ಕ, ಸೂತ್ರವಲ್ಲ. ಕೋಡ್ ಬರೆಯುವವರಿಗಂತೂ ಇದು ನಿತ್ಯದ ಪಾಠ. ಬಳಕೆದಾರ ಏನು ಒತ್ತಿದ್ದಾನೆಂದು ಮೊದಲೇ ಪರೀಕ್ಷಿಸದಿದ್ದರೆ ಪ್ರೋಗ್ರಾಂ ಮಧ್ಯದಲ್ಲೇ ನಿಲ್ಲಬಹುದು. ಇನ್ನೂ ಕೆಟ್ಟದ್ದೆಂದರೆ, ತಪ್ಪು ಉತ್ತರವನ್ನೇ ಸರಿಯೆಂಬಂತೆ ತೋರಿಸಬಹುದು.

ನೇಮಕಾತಿ ಅಧಿಸೂಚನೆ ಬಂದಾಗ ಅರ್ಜಿ ತುಂಬುವ ಮೊದಲು ವಯೋಮಿತಿ, ವಿದ್ಯಾರ್ಹತೆ ನೋಡುತ್ತೇವಲ್ಲ, ಸೂತ್ರಕ್ಕೆ ಕೈ ಹಾಕುವ ಮೊದಲೂ ಅದೇ ಕ್ರಮ ಇರಲಿ.